ಎರಡು ಶ್ರಾವಣ ಸೋಮವಾರಗಳ ನಡುವೆ

ನಾನು ಇಲ್ಲಿಗೆ ಬಂದ ಮರುದಿನವೇ ನನ್ನನ್ನು ನಾಸ್ತಿಕರ ಕಂಬಕ್ಕೆ ಕೂಡಿಸಿದರು.

ಇದನ್ನು ಬೈಗುಳವೆಂದು ತಿಳಿಯಬೇಡಿ. ಮಠದ ಪಡಸಾಲೆಯಲ್ಲಿ ಎದುರುಬದುರಾಗಿ ಎರಡು ಕಲ್ಲುಕಂಬಗಳಿವೆ. ಬಲಗಂಬಕ್ಕೆ ಒರಗಿದವನು ಶಾಸ್ತ್ರದ ಸಿದ್ಧಾಂತ ಹೇಳಬೇಕು. ಎಡಗಂಬದವನು ಅದನ್ನು ಒಪ್ಪದವರ ವಾದವನ್ನು, ಅಂದರೆ ಪೂರ್ವಪಕ್ಷವನ್ನು, ಹೇಳಬೇಕು. ಎಷ್ಟು ಜನ ಒರಗಿದ್ದರೋ, ಎಡಗಂಬದ ಕಲ್ಲು ಬೆನ್ನಿನೆತ್ತರಕ್ಕೆ ಎಣ್ಣೆ ಸವರಿದಂತೆ ನುಣುಪಾಗಿದೆ. ಇಲ್ಲಿ ಪಾಠ ಹೇಳುವ ದೊಡ್ಡ ಶಾಸ್ತ್ರಿಗಳು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಮೈಸೂರಾಗ ಭಾಳ ವಾದ ಮಾಡ್ತಿದ್ದೆಯಂತ. ದೇವರು ಇಲ್ಲಂತ ಸಾಧಿಸಿ ಬಹುಮಾನ ಹೊಡದೀಯಂತ. ಖರೇ ಏನು?” ಎಂದು ಕೇಳಿದರು.

“ಇದ್ದಾನೆಂದು ಸಾಧಿಸಿಯೂ ಹೊಡೆದಿದ್ದೇನೆ” ಎಂದೆ.

ಸುತ್ತ ಕೂತವರು ನಕ್ಕರು. ಶಾಸ್ತ್ರಿಗಳು ನಗಲಿಲ್ಲ. “ಹಂಗಾದ್ರ ನಿನಗ ಎರಡೂ ಗೊತ್ತಿಲ್ಲ. ಎಡಕ್ಕ ಕೂಡು.”

ಈ ಊರು ಜೇವರ್ಗಿಯಿಂದ ಅಂದೋಲಾ ಕಡೆಗೆ ಬಂಡಿದಾರಿ ಹಿಡಿದರೆ ಸಿಗುತ್ತದೆ. ಕಾರಹುಣ್ಣಿಮೆ ಕಳೆದ ಮೇಲೆ ರೈಲಿಳಿದು, ಭೀಮಾ ನದಿಯನ್ನು ಹರಿಗೋಲಿನಲ್ಲಿ ದಾಟಿ ಬಂದೆ. ಕಾವೇರಿಯಲ್ಲಿ ಕಾಲು ಇಳಿಬಿಟ್ಟು ಕೂತು ಬೆಳೆದವನು ನಾನು. ತಳ ಕಾಣದ ಈ ಮಣ್ಣುನೀರನ್ನು ನೋಡಿ ಹರಿಗೋಲಿನ ಅಂಚನ್ನು ಬಿಗಿಯಾಗಿ ಹಿಡಿದೆ. ಅಂಬಿಗ ಅದನ್ನು ಗಮನಿಸಿ, “ಗಟ್ಟಿ ಹಿಡೀಬ್ಯಾಡ್ರಿ ಅಪ್ಪೋರ, ಅಂಜಿದವ್ರ ಭಾರ ಜಾಸ್ತಿ” ಅಂದ. ತಮಾಷೆಗೆ ಅಂದದ್ದು. ದಡ ಮುಟ್ಟುವವರೆಗೆ ನನಗೆ ನಗು ಬರಲಿಲ್ಲ.

ದೇವರ ವಿಷಯದಲ್ಲಿ ಸಂಶಯವಿರುವವನು ಮಠಕ್ಕೇಕೆ ಹೋದ ಎಂದು ನೀವು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಮೈಸೂರಿನ ಚರ್ಚಾಕೂಟದಲ್ಲಿ ನನಗೆ ಎದುರಾಳಿಗಳು ಮುಗಿದು ಹೋಗಿದ್ದರು. ಗೆದ್ದು ವಿದ್ಯಾರ್ಥಿನಿಲಯಕ್ಕೆ ಬಂದು ಊಟಕ್ಕೆ ಕೂತರೆ, ಗೆದ್ದದ್ದು ಏನನ್ನು ಎಂಬುದೇ ತಿಳಿಯುತ್ತಿರಲಿಲ್ಲ. ಕಾವ್ಯ, ವ್ಯಾಕರಣ, ತರ್ಕ ಮುಗಿಸಿದವರಿಗೆ ಮಾತ್ರ ಶೈವಸಿದ್ಧಾಂತ ಹೇಳುವ ಪಾಠಶಾಲೆ ನಿಜಾಮರ ಸೀಮೆಯಲ್ಲೊಂದಿದೆ, ಅಲ್ಲಿಯ ಶಾಸ್ತ್ರಿಗಳನ್ನು ಸೋಲಿಸಿ ಬಾ ನೋಡೋಣ ಎಂದು ನನ್ನ ಸೋದರಮಾವ ಕೆಣಕಿದ. ಹೊರಟೆ. ಅಷ್ಟೇ ಕಾರಣ. ಇದಕ್ಕಿಂತ ಒಳ್ಳೆಯ ಕಾರಣ ನನ್ನಲ್ಲಿತ್ತೆಂದು ಹೇಳಿಕೊಂಡರೆ ಸುಳ್ಳಾಗುತ್ತದೆ.

ಇಲ್ಲಿ ಮೊದಲು ಕಲಿಯಬೇಕಾದ ವಿದ್ಯೆ ಬಟ್ಟೆ ಕೊಡವುವುದು. ನಮ್ಮ ಕೋಣೆಗಳ ನೆಲ, ಗೋಡೆ, ಕಪಾಟು ಎಲ್ಲವೂ ಪರಸಿ ಎಂಬ ಹಾಸುಗಲ್ಲು. ಕಲ್ಲಿನ ಸಂದಿಗೆಲ್ಲ ಚೇಳು. ಧೋತ್ರ ಉಡುವ ಮುಂಚೆ ಕೊಡವಬೇಕು, ಹಾಸಿಗೆ ಕೊಡವಬೇಕು, ಪುಸ್ತಕ ಬಿಚ್ಚುವ ಮುಂಚೆ ಅದನ್ನೂ ಕೊಡವಬೇಕು. ನಮ್ಮ ಕಡೆ ಹೆಂಚಿನ ಸಂದಿಯಿಂದ ಬೆಳಕು ಬೀಳುತ್ತದೆ. ಇಲ್ಲಿ ಮಣ್ಣಿನ ಮಾಳಿಗೆ, ಬೊಗಸೆಯಷ್ಟು ಗವಾಕ್ಷಿ, ತಲೆ ಬಗ್ಗಿಸಿ ಒಳಹೋಗುವ ಬಾಗಿಲು. ಒಳಗೆ ತಂಪು, ನಿಜ. ಆದರೆ ಒಳಹೊಕ್ಕಾಗಲೆಲ್ಲ ನನಗೆ ಉಸಿರು ಸಣ್ಣದಾಗುತ್ತದೆ.

ಊಟಕ್ಕೆ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ಎಂಬ ಕಡಲೆಕಾಯಿ ಚಟ್ನಿಪುಡಿ. ಬಂದ ಹೊಸದರಲ್ಲಿ ಅನ್ನವಿಲ್ಲವೇ ಎಂದು ಕೇಳಿದ್ದಕ್ಕೆ ಪಕ್ಕದವನು ನನ್ನ ಹಣೆ ಮುಟ್ಟಿ ನೋಡಿದ. ಇಲ್ಲಿ ಅನ್ನವೆಂದರೆ ಹಬ್ಬಕ್ಕೆ, ಇಲ್ಲವೇ ಜ್ವರ ಬಂದವರಿಗೆ. ರೊಟ್ಟಿಯನ್ನು ಒಂದೇ ಕೈಯಿಂದ ಮುರಿಯಲು ಕಲಿತ ದಿನ ಪಂಕ್ತಿಗೆ ಪಂಕ್ತಿಯೇ “ಮೈಸೂರಯ್ಯ ಪಾಸಾದ” ಎಂದಿತು. ನನಗೆ ಬಂದ ಯಾವ ಬಹುಮಾನಕ್ಕೂ ನಾನು ಅಷ್ಟು ಉಬ್ಬಿರಲಿಲ್ಲ.

ರೊಟ್ಟಿ ಮಠದಲ್ಲಿ ಬೇಯುವುದಿಲ್ಲ. ದಿನವೂ ಬೆಳಿಗ್ಗೆ ಪೂಜೆ ಮುಗಿಸಿ, ಹೆಗಲಿಗೆ ಜೋಳಿಗೆ ಹಾಕಿಕೊಂಡು ಮನೆಮನೆಯ ಮುಂದೆ ನಿಲ್ಲಬೇಕು. ಇದಕ್ಕೆ ಕಂತಿ ಭಿಕ್ಷೆ ಎನ್ನುತ್ತಾರೆ. ನಮ್ಮ ವಿದ್ಯಾರ್ಥಿನಿಲಯದಲ್ಲಿ ಗಂಟೆ ಹೊಡೆದರೆ ಊಟ ಬರುತ್ತಿತ್ತು. ಬಡಿಸಿದವರ ಮುಖ ಯಾರು ನೋಡಿದ್ದರು? ಇಲ್ಲಿ ಪ್ರತಿ ರೊಟ್ಟಿಗೂ ಒಂದು ಮುಖವಿದೆ, ಮತ್ತು ಆ ಮುಖ ಪ್ರಶ್ನೆ ಕೇಳುತ್ತದೆ. “ಏನ್ ಓದಾಕತ್ತೀರಿ ಈಗ?” “ನಿಮ್ಮವ್ವ ಹ್ಯಾಂಗ ಕಳಿಸಿದಳ್ರಿ ಇಷ್ಟು ದೂರ?” ಒಬ್ಬ ಮುದುಕ ದನಿ ತಗ್ಗಿಸಿ ಎಚ್ಚರಿಕೆ ಹೇಳಿದ: “ಹೊರಗಿನವ್ರಿದ್ದೀರಿ. ಮಂದಿ ಕೂಡಿಸಿ ಮಾತಾಡೋದು ಸರ್ಕಾರದವ್ರಿಗಿ ಸೇರೂದಿಲ್ಲ. ದೇವರ ಮಾತ ಮಾತಾಡ್ರಿ, ದೇಶದ ಮಾತ ಬ್ಯಾಡ.” ಅಂದಿನಿಂದ ಖಾಕಿ ಕಂಡರೆ ನನ್ನ ಮೈಸೂರು ಕನ್ನಡ ಬಾಯಲ್ಲೇ ನಿಲ್ಲುತ್ತದೆ. ಇಷ್ಟೆಲ್ಲ ಹೇಳಿದ್ದು, ಅಂಜಿಕೆ ನನಗೆ ಹೊಸದಾಗಿರಲಿಲ್ಲ ಎಂದು ತಿಳಿಸಲು. ಆದರೆ ಶ್ರಾವಣದಲ್ಲಿ ಹುಟ್ಟಿದ ಅಂಜಿಕೆ ಬೇರೆ ಜಾತಿಯದು. ಅದು ಹೊರಗಿನಿಂದ ಬರಲಿಲ್ಲ, ನನ್ನ ನಾಲಿಗೆಯಿಂದಲೇ ಹೊರಟಿತು.

ನನ್ನ ಕೋಣೆಯ ಜೊತೆಗಾರ ಚನ್ನವೀರ, ಆಳಂದ ತಾಲೂಕಿನ ಸರಸಂಬಾದವನು. ಅವನು ನಮ್ಮ ಹಾಗೆ ಓದಲು ಬಂದವನಲ್ಲ. ಅವನು ಇನ್ನೂ ತಾಯಿಯ ಹೊಟ್ಟೆಯಲ್ಲಿದ್ದಾಗ ಅಜ್ಜಿ ಹರಕೆ ಹೊತ್ತಳು: ಕೂಸು ಗಂಡಾಗಿ ಉಳಿದರೆ ಮಠಕ್ಕೆ ಬಿಡುತ್ತೇವೆ. ಉಳಿದ. ಬಿಟ್ಟರು. ಅಂಥವರನ್ನು ಮರಿದೇವರು ಎನ್ನುತ್ತಾರೆ. ಈ ಶ್ರಾವಣ ಕಳೆದ ಮೇಲೆ ಅವನಿಗೆ ಕಾವಿ ಕೊಡುವುದೆಂದು ಗೊತ್ತಾಗಿತ್ತು. ಕಾವಿ ಉಟ್ಟವನು ಮತ್ತೆ ಮನೆಯವನಲ್ಲ. ಅದನ್ನು ನೋಡಲೆಂದು ಅವನ ತಾಯಿ ಗೌರಾಬಾಯಿ ಇದೇ ಊರಿನ ತಂಗಿಯ ಮನೆಗೆ ಬಂದು ಇಳಿದಿದ್ದಳು.

ಆಕೆ ಮೊದಲ ಸಲ ಮಠಕ್ಕೆ ಬಂದದ್ದನ್ನು ನೋಡಿ ನಾನು ಬೆಚ್ಚಿದೆ. ಹೆತ್ತ ತಾಯಿ ಮಗನ ಕಾಲಿಗೆ ಅಡ್ಡಬಿದ್ದಳು. “ಅಪ್ಪೋರು ಆರಾಮ ಇದ್ದೀರ್ರಿ?” ಎಂದು ಬಹುವಚನದಲ್ಲಿ ಕೇಳಿದಳು. ಮಗ ಕೈಯೆತ್ತಿ, ಎಲ್ಲರಿಗೂ ಹೇಳುವಂತೆ, “ಒಳ್ಳೇದಾಗಲಿ” ಎಂದ. ಮಠಕ್ಕೆ ಬಿಟ್ಟ ಮೇಲೆ ಹಾಗೆಯೇ ನಡೆಯಬೇಕಂತೆ. ಬಳಿಕ ಆಕೆ ನನ್ನ ಕಡೆ ತಿರುಗಿ, “ನೀನೇನು ಮೈಸೂರ ತಮ್ಮ? ರೊಟ್ಟಿ ತಿಂದು ಸೊರಗೀಯಲ್ಲೋ” ಎಂದು ನಗಾಡಿದಳು. ನನ್ನೊಡನೆ ಆಡಿದ ಆ ಸಲಿಗೆಯ ಏಕವಚನವನ್ನು ಚನ್ನವೀರ ನೆಲ ನೋಡುತ್ತ ಕೇಳಿಸಿಕೊಂಡ.

ಶ್ರಾವಣದ ಸೋಮವಾರಗಳ ಸಂಜೆ ಪಡಸಾಲೆಗೆ ಊರೇ ಬರುತ್ತದೆ. ಆ ಸಂಜೆಗಳ ಪದ್ಧತಿ ದಿನದ ಪಾಠದಂತಲ್ಲ: ಒಂದು ಸೋಮವಾರ ಪೂರ್ವಪಕ್ಷ, ಮುಂದಿನ ಸೋಮವಾರ ಸಿದ್ಧಾಂತ. ಎರಡನ್ನೂ ಒಬ್ಬನೇ ಹೇಳಬೇಕು. ಈ ವಾರ ಎಡಗಂಬಕ್ಕೆ ಕೂತು ಅಲ್ಲಗಳೆದವನು ಮುಂದಿನ ವಾರ ಬಲಗಂಬಕ್ಕೆ ಹೋಗಿ ತನ್ನನ್ನೇ ಸೋಲಿಸಬೇಕು. ಎರಡನ್ನೂ ಒಂದೇ ದಿನ ಮುಗಿಸಬಾರದೇ ಎಂದಿದ್ದಕ್ಕೆ ಶಾಸ್ತ್ರಿಗಳು, “ಸಂಶಯ ಅಂಬೋದು ಮಂದಿ ಹೊಟ್ಯಾಗ ಎಂಟು ದಿನ ಇರಬೇಕಪ್ಪ. ಜಲ್ದಿ ಉತ್ತರ ಕೊಟ್ರ ಅದು ಜೀರ್ಣ ಆಗೂದಿಲ್ಲ” ಎಂದಿದ್ದರು.

ನನಗೆ ಕೊಟ್ಟ ವಿಷಯ, ಹರಕೆ ಕಟ್ಟುತ್ತದೆಯೇ ಎಂಬುದು. ಮಾತು ಕೊಟ್ಟವರನ್ನು ಹರಕೆ ಬಂಧಿಸುತ್ತದೆಯೇ, ಇಲ್ಲವೇ?

ಚೆನ್ನಾಗಿ ಮಾತಾಡಿದೆ. ಸಂಕೋಚವಿಲ್ಲದೆ ಹೇಳುತ್ತೇನೆ, ಬಹಳ ಚೆನ್ನಾಗಿ ಮಾತಾಡಿದೆ. ಎತ್ತಿನ ಸಂತೆಯಲ್ಲಿ ನೀವು ಬೆಲೆ ಹೇಳುತ್ತೀರಿ, ಎದುರಿನವನು ಹೂಂ ಅನ್ನಬೇಕು. ಅವನು ಬಾಯಿ ಬಿಡದಿದ್ದರೆ ವ್ಯಾಪಾರ ಆಯಿತೇ? ದೇವರ ಮುಂದೆ ನೀವು ಹರಕೆ ಹೊತ್ತಿರಿ, ದೇವರು ಹೂಂ ಅಂದನೇ? ಅಂದದ್ದನ್ನು ಕೇಳಿದವರು ಯಾರು? ಒಬ್ಬನೇ ಆಡಿದ ಮಾತು ಒಪ್ಪಂದವಲ್ಲ, ಒಪ್ಪಂದವಲ್ಲದ್ದು ಕಟ್ಟುವುದಿಲ್ಲ. ಜನ ಕಿವಿ ನಿಮಿರಿಸಿ ಕೂತಿದ್ದರು. ಎಲ್ಲರ ಹಿಂದೆ ಗೌರಾಬಾಯಿ ಸೆರಗು ಸರಿಸಿ, ಕತ್ತು ಚಾಚಿ ಕೇಳುತ್ತಿದ್ದಳು. ನಾನು ಆಕೆಯನ್ನು ನೋಡಿದೆ. ನೋಡಿ ಇನ್ನಷ್ಟು ಹುರುಪಿನಿಂದ ಮಾತಾಡಿದೆ.

ಸರಸಂಬಾದಾಕೆಗೆ ಈ ಊರಿನ ಪದ್ಧತಿ ಗೊತ್ತಿರಲಿಲ್ಲ. ಪಡಸಾಲೆಯಲ್ಲಿ, ಶಾಸ್ತ್ರಿಗಳ ಎದುರಿಗೆ, ಮಠದವನೊಬ್ಬ ಹೇಳಿದನೆಂದರೆ ಅದು ಮಠದ ತೀರ್ಪು ಎಂದೇ ಆಕೆ ತಿಳಿದಳು. ಇನ್ನೊಂದು ಸೋಮವಾರ ಬಾಕಿ ಇದೆಯೆಂದು ತಂಗಿ ಹೇಳುವಷ್ಟರಲ್ಲಿ ಅಫಜಲಪುರ ಸೀಮೆಯ ತನ್ನ ಅಣ್ಣನಿಗೆ ಆಳಿನ ಕೈಯಲ್ಲಿ ಹೇಳಿ ಕಳಿಸಿಯಾಗಿತ್ತು: ನಿನ್ನ ಮಗಳನ್ನು ನನ್ನ ಚನ್ಯಾನಿಗೆ ತಂದುಕೊಳ್ಳುತ್ತೇನೆ, ಅರಿಶಿಣ ಕುಟ್ಟಿಸು.

ಮರುದಿನ ಭಿಕ್ಷೆಗೆ ಹೋದಾಗ ಆಕೆಯೇ ರೊಟ್ಟಿ ಹಿಡಿದು ಬಾಗಿಲಿಗೆ ಬಂದಳು. ಮೇಲೆ ಬೆಣ್ಣೆಯ ಮುದ್ದೆ.

“ನೂರು ವರ್ಷ ಬಾಳು ತಮ್ಮ. ನಮ್ಮತ್ತಿ ಹೊತ್ತಿದ್ದಳು ಆ ಹರಕಿ. ಬಸುರಿ ನಾನು, ಹರಕಿ ಅಕಿದು. ನನ್ನ ಒಂದು ಮಾತ ಕೇಳಲಿಲ್ಲ. ಅಕಿ ಇರೋ ತನಕ ಬಾಯಿ ಬಿಡಲಿಲ್ಲ ನಾ. ಈಗ ಅಕಿನೂ ಹೋದಳು, ಮಠದ ಫೈಸಲಾನೂ ಆತು.”

“ಅಮ್ಮಾ, ಅದು ಫೈಸಲಾ ಅಲ್ಲ. ಪೂರ್ವಪಕ್ಷ. ಮುಂದಿನ ಸೋಮವಾರ...”

“ಅಂದವ ನೀನಽ ಹೌದಲ್ಲೋ?”

“ಹೌದು.”

“ಮುಂದಿನ ಸೋಮಾರನೂ ನೀನಽ ಮಾತಾಡಾವ?”

“ಹೌದು.”

“ಮತ್ಯಾಕ ಫಿಕೀರು? ಒಂದು ಬಾಯಾಗ ಎರಡು ಮಾತ ಆಡಾಂವ ಅಲ್ಲ ನೀ. ಮಾರಿ ನೋಡಿದ್ರ ಗೊತ್ತಾಗ್ತದ.”

ಎರಡು ಮಾತಾಡುವುದೇ ನನ್ನ ಕಸುಬು ಎಂದು ಆಕೆಗೆ ಹೇಗೆ ಹೇಳಲಿ? ಬಿಸಿ ರೊಟ್ಟಿಯನ್ನು ಜೋಳಿಗೆಗೆ ಹಾಕಿಕೊಂಡು ಮುಂದಿನ ಮನೆಗೆ ನಡೆದೆ. ಸಂಜೆ ಆಕೆ ಮಠಕ್ಕೆ ಬಂದಾಗ ಅಡ್ಡಬೀಳಲಿಲ್ಲ. ಅಂಗಳದಲ್ಲಿ ನಿಂತೇ, “ಲೇ ಚನ್ಯಾ, ಬಾ ಇಲ್ಲಿ” ಎಂದು ಕರೆದಳು. ಕಸ ಗುಡಿಸುತ್ತಿದ್ದವರ ಕೈ ಹಾಗೆಯೇ ನಿಂತವು. ಚನ್ನವೀರ ಹೋದ. ಅವನ ಕಿವಿ ಕೆಂಪಾಗಿದ್ದವು.

ಶಾಸ್ತ್ರಿಗಳು ನನ್ನನ್ನು ಕರೆಸಿದರು. ಬೈಯುತ್ತಾರೆಂದು ಹೋದೆ. ಅವರು ಅಜವಾನ ಅಗಿಯುತ್ತ, “ಪೂರ್ವಪಕ್ಷ ಚಲೋ ಹೇಳಿದಿ. ಅದಕ್ಕ ಅಕಿ ನಂಬ್ಯಾಳ” ಎಂದರು. ಮುಂದುವರಿಸಿ, “ಸೋಮಾರ ನಿನ್ನ ಮಾತ ನೀನಽ ಮುರೀಬೇಕು. ಮುರಿಲಿಕ್ಕೆ ಆಗಲಿಲ್ಲಂದ್ರ ನಿನಗ ವಾದ ಬರೂದಿಲ್ಲಂತ ಅರ್ಥ. ಬೇಕಂತ ಮುರೀಲಿಲ್ಲಂದ್ರ ನಿನಗ ವಿದ್ಯಾ ಬ್ಯಾಡಂತ ಅರ್ಥ. ಎರಡರಾಗ ಯಾವುದಾದ್ರೂ ಬಂಡಿ ಹೂಡಿಸಿ ಹೊಳಿ ದಾಟಿಸ್ತೇನಿ” ಎಂದರು.

“ಆ ತಾಯಿಯ ಗತಿ?”

“ಅದನ್ನ ಮಾತಾಡೋ ಮುಂದ ಕೇಳಬೇಕಿತ್ತು.”

ನಮ್ಮ ಚರ್ಚಾಕೂಟದ ಗೆಳೆಯರೇ, ನೀವೇ ಹೇಳಿ. ಅಲ್ಲಿ ನಾವು ವಾದ ಮುಗಿಸಿ ಕಾಫಿ ಕುಡಿದು ಚದುರುತ್ತಿದ್ದೆವು. ಮರಣದಂಡನೆ ಬೇಕೇ ಬೇಡವೇ ಎಂದು ಮಾತಾಡಿದೆವು, ಯಾರ ಕೊರಳಿಗೂ ಹಗ್ಗ ಬೀಳಲಿಲ್ಲ, ಯಾರ ಕೊರಳಿಂದಲೂ ಕಳಚಲಿಲ್ಲ. ಇಲ್ಲಿ ಮಾತಿಗೆ ಮರುದಿನವೇ ಅರಿಶಿಣ ಕುಟ್ಟುತ್ತಾರೆ. ಬಾಯಿ ತೆರೆಯಲು ಹೆದರಿದ ವಾರ ಅದು. ಪಾಠದಲ್ಲಿ ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ಸುಮ್ಮನಿರುತ್ತಿದ್ದೆ.

ಬಟ್ಟೆ ಒಗೆಯಲು ಹಳ್ಳಕ್ಕೆ ಹೋದಾಗ ಚನ್ನವೀರ ತಾನಾಗಿ ಮಾತು ತೆಗೆದ.

“ಲೇ ಮೈಸೂರಯ್ಯ, ನೀ ಹೇಳಿದ್ದು ಖರೇನ?”

“ಅದು ಪೂರ್ವಪಕ್ಷ ಕಣೋ.”

“ಅದು ನನಗೂ ಗೊತ್ತದ. ಖರೇನ ಅಂತ ಕೇಳಾಕತ್ತೇನಿ.”

“ನಿನಗೆ ಮನೆಗೆ ಹೋಗಬೇಕೆಂದಿದ್ದರೆ ಹೇಳಿಬಿಡು. ಸೋಮವಾರ ಸಿದ್ಧಾಂತ ಸಡಿಲ ಬಿಡುತ್ತೇನೆ. ನನ್ನನ್ನು ಕಳಿಸಿದರೆ ಕಳಿಸಲಿ” ಎಂದೆ. ಹೇಳುವಾಗ ನನಗೆ ನಾನೇ ದೊಡ್ಡವನಾಗಿ ಕಂಡೆ.

“ಹೋಗಬೇಕಂತ ನಾ ಯಾವಾಗ ಅಂದೆ?”

“ಹಾಗಾದರೆ ಇರಬೇಕೇ?”

ಅವನು ಧೋತ್ರವನ್ನು ಕಲ್ಲಿನ ಮೇಲೆ ಇಟ್ಟ. “ಆಯಿ, ಅಂದ್ರ ನಮ್ಮಜ್ಜಿ, ಹರಕಿ ಹೊತ್ತಾಗ ನನ್ನ ಕೇಳಲಿಲ್ಲ. ನಾ ಹುಟ್ಟಿರಲಿಲ್ಲ, ಅದು ಬಿಡು. ಅವ್ವ ಮದಿವಿ ಗೊತ್ತು ಮಾಡೋ ಮುಂದನೂ ಕೇಳಲಿಲ್ಲ. ನೀ ಅಷ್ಟೊತ್ತು ಮಾತಾಡಿದಿ. ಹರಕಿ ಹೊತ್ತವರ ಮಾತ ಹೇಳಿದಿ, ದೇವರ ಮಾತ ಹೇಳಿದಿ. ನೀನೂ ಕೇಳಲಿಲ್ಲ.”

“ಈಗ ಕೇಳುತ್ತಿದ್ದೇನಲ್ಲ.”

“ಈಗ ಅಂಜಿಕಿಗಿ ಕೇಳಾಕತ್ತಿ.”

ಒದ್ದೆ ಬಟ್ಟೆ ಹೊತ್ತು ಎರೆಮಣ್ಣಿನ ದಾರಿಯಲ್ಲಿ ಒಬ್ಬರ ಹಿಂದೊಬ್ಬರು ಬಂದೆವು. ಹೆಜ್ಜೆಗೊಮ್ಮೆ ಮಣ್ಣು ಕಾಲು ಹಿಡಿದು ಎಳೆಯುತ್ತಿತ್ತು. ಈ ಮಣ್ಣು ಮಳೆ ಬಿದ್ದರೆ ನಡೆದವನನ್ನು ಬಿಡುವುದಿಲ್ಲ. ನಮ್ಮ ಕೆಂಪುಮಣ್ಣು ಹಾಗಲ್ಲ, ತೊಳೆದರೆ ಹೋಗುತ್ತದೆ.

ಎರಡನೆಯ ಸೋಮವಾರ ಜಡಿಮಳೆಯಿದ್ದರೂ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸುದ್ದಿ ಊರಿಗೆಲ್ಲ ಹರಡಿತ್ತು. ಗೌರಾಬಾಯಿ ಈ ಸಲ ಮುಂದೆಯೇ ಕೂತಿದ್ದಳು. ನಾನು ಬಲಗಂಬಕ್ಕೆ ಹೋಗಿ ಕೂತದ್ದನ್ನು ನೋಡಿ ಮುಗುಳ್ನಕ್ಕಳು. ಯಾವ ಕಂಬವಾದರೇನು, ಬಾಯಿ ಒಂದೇ ತಾನೇ ಎನ್ನುವಂತೆ.

ಸಿದ್ಧಾಂತ ಹೇಳಿದೆ. ಸಡಿಲ ಬಿಡುತ್ತೇನೆಂದವನಿಗೆ ಬಿಡಲಾಗಲಿಲ್ಲ. ವಾದ ಒಳಗಿನಿಂದ ತಾನೇ ಬಂತು, ಅದೇ ನನಗೆ ಹೆಚ್ಚು ಭಯ ಹುಟ್ಟಿಸಿತು. ಹರಕೆ ಸಂತೆಯ ವ್ಯಾಪಾರ ಎಂದವರು ಯಾರು? ಬಿತ್ತುವವನಿಗೆ ಹೊಲ ಹೂಂ ಅನ್ನುವುದೇ? ಉತ್ತರ ಬರಲಿಲ್ಲವೆಂದು ಯಾರಾದರೂ ಬೀಜವನ್ನು ಆರಿಸಿಕೊಂಡು ಮನೆಗೆ ಹೋಗುತ್ತಾರೆಯೇ? ಮಾತು ಆಡಿದವನು ಆಡದವನಾಗಿ ಉಳಿಯುವುದಿಲ್ಲ. ಕಟ್ಟುವವನು ದೇವರಲ್ಲ, ಆಡಿದ ಬಾಯಿಯೇ ಕಟ್ಟುತ್ತದೆ.

ರೈತರು ತಲೆದೂಗಿದರು. ಗೌರಾಬಾಯಿಯ ಮುಖದಲ್ಲಿ ನಗು ಎಲ್ಲಿ ನಿಂತಿತ್ತೋ ಅಲ್ಲೇ ಒಣಗಿತು. ಆಕೆ ಕೂತಲ್ಲೇ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಹೋದಳು.

ಅಲ್ಲಿಗೆ ಮುಗಿಸಿದ್ದರೆ ಗೆದ್ದಿದ್ದೆ. ಮುಗಿಸಲು ಬಾಯಿ ಬರಲಿಲ್ಲ. “ಬಿತ್ತಿದ್ದು ಕಟ್ಟುತ್ತದೆ, ಸರಿ” ಎಂದೆ. “ಆದರೆ ಹೊಲ ಯಾರದು? ತನ್ನ ಹೊಲದಲ್ಲಿ ಬಿತ್ತಿದರೆ ಬೆಳೆ ತನ್ನದು. ಇನ್ನೊಬ್ಬರ ಹೊಲದಲ್ಲಿ ಬಿತ್ತಿ ಹೋದವರ ಬೀಜಕ್ಕೆ ಏನೆನ್ನಬೇಕು?”

ಪಡಸಾಲೆಯಲ್ಲಿ ಗುಜುಗುಜು ಎದ್ದಿತು. ಶಾಸ್ತ್ರಿಗಳು ಕೈಯೆತ್ತಿದರು. “ಇದು ಯಾವ ಪಕ್ಷ?”

“ಯಾವುದೂ ಅಲ್ಲ. ಹರಕೆ ಹೊತ್ತವರನ್ನು ವಿಚಾರಿಸಿದೆವು, ಹರಕೆ ಪಡೆದವನನ್ನು ವಿಚಾರಿಸಿದೆವು. ಹರಕೆಯೇ ಆದವನೊಬ್ಬ ಇದ್ದಾನೆ. ಅವನನ್ನು ನಾನೂ ಕೇಳಲಿಲ್ಲ.”

ಬಂಡಿ ಹೂಡಿಸುತ್ತಾರೆಂದೇ ಅಂದುಕೊಂಡೆ. ಶಾಸ್ತ್ರಿಗಳು ಅಜವಾನವನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ, “ಕೇಳು ಮತ್ತ” ಎಂದರು.

ಚನ್ನವೀರ ಗೋಡೆಯ ಬದಿಗೆ ನಿಂತಿದ್ದ. ಎಲ್ಲರೂ ತಿರುಗಿ ನೋಡಿದರು. ಅಷ್ಟು ಕಣ್ಣುಗಳ ಮುಂದೆ ಅವನನ್ನು ಕೇಳಿದ್ದು ಇನ್ನೊಂದು ಹಿಂಸೆಯೇ ಆಯಿತೇ ಎಂದು ನನಗೆ ಹೊಳೆಯುವಷ್ಟರಲ್ಲಿ ಕೇಳಿಯಾಗಿತ್ತು. ಹೊರಗೆ ಮಾಳಿಗೆಯ ನೀರುದೋಣಿಯಿಂದ ಮಳೆನೀರು ಸುರಿಯುತ್ತಿತ್ತು.

“ಅವ್ವ” ಎಂದ. ಆ ಪಡಸಾಲೆಯಲ್ಲಿ ಅವನು ಆ ಮಾತನ್ನು ಆಡಿದ್ದನ್ನು ಯಾರೂ ಕೇಳಿರಲಿಲ್ಲ. “ಅವ್ವ, ನಾ ಇಲ್ಲೇ ಇರ್ತೇನಿ. ಆಯಿ ಹರಕಿ ಸಲುವಾಗಿ ಅಲ್ಲ. ಅದು ತೀರಿತು ಅಂತ ತಿಳಕೋ. ನಾನಽ ಇರ್ತೇನಿ.”

“ಯಾಕೋ?”

“ಅದನ್ನ ಹೇಳಾಕ ಇನ್ನೂ ಬರೂದಿಲ್ಲ ನನಗ. ಕಲೀಬೇಕು. ಕಾವಿ ಈ ವರ್ಷ ಬ್ಯಾಡ್ರಿ ಅಪ್ಪೋರ. ಬೇಕಾದಾಗ ನಾನಽ ಕೇಳ್ತೇನಿ.” ಕಡೆಯ ಮಾತು ಶಾಸ್ತ್ರಿಗಳಿಗೆ.

ಗೌರಾಬಾಯಿ ಎದ್ದಳು. ಅಡ್ಡಬೀಳುತ್ತಾಳೋ, ಎಳೆದುಕೊಂಡು ಹೋಗುತ್ತಾಳೋ ಎಂದು ಎಲ್ಲರೂ ನೋಡಿದೆವು. ಆಕೆ ಮಗನ ಬಳಿಗೆ ಹೋಗಿ, ಮರಿದೇವರ ತಲೆ ಯಾರೂ ಮುಟ್ಟಬಾರದೆಂಬುದನ್ನು ಮರೆತೋ ಮರೆಯದೆಯೋ, ಅವನ ತಲೆಯನ್ನು ಒಮ್ಮೆ ಗಟ್ಟಿಯಾಗಿ ಸವರಿ ಹೊರಟುಹೋದಳು.

ಶಾಸ್ತ್ರಿಗಳು ನನಗೆ ಇಷ್ಟೇ ಹೇಳಿದರು: “ಪೂರ್ವಪಕ್ಷ ನಿಂದು. ಸಿದ್ಧಾಂತ ಅವಂದು. ಇನ್ನೊಂದು ವರ್ಷ ಎಡಕ್ಕ ಕೂಡು.” ಇದು ಗೆಲುವೋ ಸೋಲೋ ನನಗೆ ಈಗಲೂ ಗೊತ್ತಾಗಿಲ್ಲ. ಗೆದ್ದೆನೇ ಎಂದು ಮಾವ ಕೇಳಿ ಬರೆದಿದ್ದಾನೆ. ಏನು ಬರೆಯಲಿ?

ಮಳೆ ಬಿಟ್ಟ ಮೇಲೆ ಗೌರಾಬಾಯಿ ಸರಸಂಬಾಕ್ಕೆ ಹೊರಟಳು. ಹೊಳೆಯವರೆಗೆ ಕಳಿಸಿಬರಲು ಚನ್ನವೀರನೂ ನಾನೂ ಬಂಡಿಯ ಹಿಂದೆ ನಡೆದೆವು. ದಾರಿಯುದ್ದಕ್ಕೂ ಆಕೆ ನನ್ನನ್ನು ಕಾಡಿದಳು. “ಅಫಜಲಪುರದವ್ರು ಅರಿಶಿಣ ಕುಟ್ಟಿ ಇಟ್ಟಾರ. ಕೂಸು ಚಲೋ ಅದ. ನಿನ್ನ ಕಳಸಲೇನು, ಎರಡು ಮಾತಿನವನ?” ಚನ್ನವೀರ ಜೋರಾಗಿ ನಕ್ಕ. ಅವನು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ.

ಹರಿಗೋಲು ಆಚೆ ದಡದಿಂದ ಬರುವುದಕ್ಕೆ ಕಾದು ನಿಂತಾಗ ಆಕೆ ನಗು ನಿಲ್ಲಿಸಿ ಕೇಳಿದಳು. “ನಿಮ್ಮವ್ವಗ ಎಷ್ಟು ಮಂದಿ ಮಕ್ಕಳೋ?”

“ನಾನೊಬ್ಬನೇ.”

“ನಿನ್ನ ಯಾರು ಹರಕಿ ಹೊತ್ತಿದ್ರು?”

“ಯಾರೂ ಇಲ್ಲ. ನಾನೇ ಬಂದೆ.”

ಆಕೆ ನನ್ನನ್ನು ಕಾಯಿಲೆಯವನನ್ನು ನೋಡುವಂತೆ ನೋಡಿದಳು. “ನನ್ನ ಮಗನ್ನ ಹಿಡದಿದ್ದು ಒಂದು ಹರಕಿ. ಅದನ್ನ ಬಿಡಿಸಾಕ ನೀ ಬಂದಿ. ನಿನ್ನ ಏನ್ ಹಿಡದದ ಅಂತನಽ ಗೊತ್ತಿಲ್ಲಲ್ಲೋ ತಮ್ಮ. ಬಿಡಿಸ್ರಿ ಅಂತ ನಿಮ್ಮವ್ವ ಯಾರ ಮುಂದ ಹೋಗಿ ನಿಲ್ಲಬೇಕು?”

ಹರಿಗೋಲು ಬಂತು, ಆಕೆ ಹತ್ತಿದಳು. ಆಚೆ ದಡದ ದಾರಿಯೇ ರೈಲಿನ ದಾರಿ, ಮೈಸೂರಿನ ದಾರಿ. ಅಂಬಿಗ ನನ್ನ ಕಡೆ ನೋಡಿ, “ನೀವೂ ಬರಾವ್ರೇನ್ರಿ?” ಎಂದು ಕೂಗಿದ. ನಾನು ಇಲ್ಲವೆಂದು ತಲೆಯಾಡಿಸಿದೆ. ಅದಕ್ಕೆ ಕಾರಣ ಕೇಳಿದ್ದರೆ ಹೇಳಲು ನನ್ನಲ್ಲಿ ಒಂದು ಪಕ್ಷವೂ ಇರಲಿಲ್ಲ.